ಹತ್ತನೆಯ ಬಾಟಲಿ

ಮಾದಪ್ಪಣ್ಣ ಯಾವ ಬೋರ್‌ವೆಲ್ಲಿನ ಮೊದಲ ನೀರನ್ನೂ ನಂಬಿದವರಲ್ಲ. ನಮ್ಮೂರು ಅಂತರಸಂತೆಯಲ್ಲಿ ಪಕ್ಕದ ಮನೆಯವರು, ಮೋಟಾರ್ ಮೆಕ್ಯಾನಿಕ್. ಪಂಪು ಓಡಿದ ಕೂಡಲೇ ಕೈಚೀಲದಿಂದ ಹತ್ತು ಖಾಲಿ ಸೋಡಾ ಬಾಟಲಿ ತೆಗೆದು, ಗಳಿಗೆಗೊಂದರಂತೆ ನೀರು ತುಂಬಿಸಿ, ಬದುವಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಹತ್ತೂ ತುಂಬುವ ತನಕ ಬ್ರಹ್ಮನೇ ಬಂದು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ.

ವರ್ಷಗಟ್ಟಲೆ ಮುಚ್ಚಿದ್ದ ನಮ್ಮ ಬೋರಿಗೆ ಮೋಟಾರ್ ಇಳಿಸಿದಾಗ ಕೆಂಪಗೆ ತುಕ್ಕುನೀರು ಬಂತು. "ಮುಚ್ಬುಡು ಮಾದಪ್ಪ, ನನ್ ಅಣೇಬರ ಇಷ್ಟೇಯ," ಎಂದು ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು.

"ಸುಮ್ಕಿರಿ ಗೌಡ್ರೇ. ಮೊದ್ಲು ಬರಾದು ಪೈಪಿನ್ ಕೊಳೆ. ನೆಲದ್ ನೀರು ಆಮ್ಯಾಕೆ ಬತ್ತದೆ."

ಹತ್ತನೆಯ ಬಾಟಲಿ ಹೊತ್ತಿಗೆ ನೀರು ತಿಳಿಯಾಗಿತ್ತು. ಮನೆಯವರು ಈಗಲೂ ಕುಡಿಯುವುದು ಅದನ್ನೇ.

ನಾನು ಓದಿ ಸೇರಿದ್ದು ಪರಮಾಣು ಪ್ರಯೋಗಾಲಯಕ್ಕೆ. ರಿಯಾಕ್ಟರಿನಲ್ಲಿ ಉರಿದು ಮುಗಿದ ಇಂಧನವನ್ನು ಆಳದಲ್ಲಿ ಹೂತ ಮೇಲೆ ಉಪ್ಪುನೀರು ತಾಗಿದರೆ, ಅದು ಎಷ್ಟು ಬೇಗ ಸವೆದು ವಿಕಿರಣದ ಧಾತುಗಳನ್ನು ಬಿಡುತ್ತದೆಂದು ಅಳೆಯುವುದು ನನ್ನ ಕೆಲಸ. ಮೊದಲ ವಾರದ ನೀರಿನಲ್ಲೇ, ಆ ಧಾತುಗಳಲ್ಲೊಂದಾದ ಸೀಸಿಯಂ ಹೆದರಿಸುವಷ್ಟಿತ್ತು. ಇಂಧನದ ತುಂಡೇ ಕೆಟ್ಟಿದೆಯೆಂದು ನಾನೇ ವರದಿ ಬರೆದುಬಿಟ್ಟೆ. ಸೋಮವಾರ ಪ್ರಯೋಗ ನಿಲ್ಲಿಸೋಣ ಎಂದರು ಮೇಲಧಿಕಾರಿ. ಮೂರು ವರ್ಷದ ಸಿದ್ಧತೆ ಮಣ್ಣುಪಾಲಾಗುವುದರಲ್ಲಿತ್ತು.

ಊರಿಗೆ ಬಂದವಳ ಸಪ್ಪೆ ಮುಖ ನೋಡಿ ಮಾದಪ್ಪಣ್ಣ ವಿಚಾರಿಸಿದರು. ಎಲ್ಲ ಹೇಳಿದೆ.

"ಎಷ್ಟ್ ಬಾಟ್ಲಿ ತುಂಬ್ಸಿದ್ಯವ್ವಾ?"

"ಒಂದೇ ಅಣ್ಣ."

"ನನ್ ಪಕ್ಕದ್ ಮನೇಲಿ ಬೆಳ್ದು, ಒಂದ್ ಬಾಟ್ಲೀಗೇ ತೀರ್ಪು ಕೊಟ್ಬುಟ್ಯಲ್ಲವ್ವಾ!"

ನಾಚಿಕೆಯಿಂದ ತಲೆ ತಗ್ಗಿಸಿದೆ. ಸೀಸಿಯಂ, ಅಯೋಡಿನ್ ಇಂಧನದ ಸಂದುಬಿರುಕುಗಳಲ್ಲಿ ಸಡಿಲವಾಗಿ ಕೂತಿರುತ್ತವೆ, ಮೊದಲು ಹೊರಬೀಳುವುದು ಅವೇ. ಓದಿದ್ದನ್ನೇ ಗಾಬರಿಯಲ್ಲಿ ಮರೆತಿದ್ದೆ. ಮೇಲಧಿಕಾರಿಗೆ ದುಂಬಾಲು ಬಿದ್ದು ಕಾಲಾವಕಾಶ ಪಡೆದೆ. ಉಪ್ಪುನೀರು ಬದಲಿಸುತ್ತಾ ಒಂದೊಂದೇ ಸ್ಯಾಂಪಲ್ ತೆಗೆದೆ. ಸೀಸಿಯಂ ಇಳಿಯುತ್ತಾ ಹೋಯಿತು. ಇಂಧನದ ಮೈಯಿಂದ ಯುರೇನಿಯಂ ಕರಗುತ್ತಿದ್ದದ್ದು ತೀರಾ ನಿಧಾನ. ಹತ್ತನೆಯದಕ್ಕೆ ಗ್ರಾಫಿನ ಗೆರೆ ಮಟ್ಟಸವಾಯಿತು. ಇಂಧನದ ತುಂಡು ಕೆಟ್ಟಿರಲಿಲ್ಲ, ಗೆದ್ದಿದ್ದೆ!

ಗ್ರಾಫ್ ಹಿಡಿದು ಊರಿಗೆ ಬಂದವಳು, ಮಾದಪ್ಪಣ್ಣ ಸಂತೆಯಲ್ಲಿದ್ದಾರೆಂದು ತಿಳಿದು ಅಲ್ಲಿಗೇ ಓಡಿದೆ. ಮಾದಪ್ಪಣ್ಣ ಆ ಗೆರೆಯ ಮೇಲೆ ಗ್ರೀಸ್ ಬೆರಳಿಟ್ಟು, "ಈಗ ಕುಡೀಬೋದಾ?" ಎಂದರು.

"ಅಯ್ಯೋ, ಯಾವತ್ತಿಗೂ ಇಲ್ಲಣ್ಣ!"

"ಓಗ್ಲಿ ಬುಡು, ಗೆದ್ಯಲ್ಲ!" ಎಂದು ನಕ್ಕು, ಸಂತೆಗೆಲ್ಲ ಕೇಳುವಂತೆ ಕೂಗಿದರು: "ನಮ್ ಉಡ್ಗಿ ಹತ್ತೂ ತುಂಬ್ಸವ್ಳೆ ಕಣ್ರಲಾ!" ಕಂಡವರಿಗೆಲ್ಲ ಬೋಂಡ ಕೊಡಿಸಿದರು.

ಅವರನ್ನು ಕಂಡದ್ದು ಅದೇ ಕಡೆ. ಮುಂದಿನ ಬೇಸಿಗೆಗೆ ಅವರಿರಲಿಲ್ಲ. ಹೋದ ತಿಂಗಳು ಸಹೋದ್ಯೋಗಿಯೊಬ್ಬಳು ಮೊದಲ ಸ್ಯಾಂಪಲ್ಲಿನ ಫಲಿತಾಂಶ ಹಿಡಿದು, ಬಿಳಿಚಿಕೊಂಡು ನನ್ನ ಕೋಣೆಗೆ ಬಂದಳು.

"ಎಷ್ಟ್ ಬಾಟ್ಲಿ ತುಂಬ್ಸಿದ್ಯವ್ವಾ?" ಎಂದೆ.