ನಮ್ಮ ಬೀದಿಗೆ ಬಂದ ಬುಲ್ಡೋಜರ್

ಹೋದ ವರ್ಷ ಕಾರ್ತಿಕ ಮಾಸದ ಒಂದು ಬುಧವಾರ, ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ, ಚಾಮರಾಜಪೇಟೆಯ ನಮ್ಮ ಬೀದಿಯ ತುದಿಗೆ ಟ್ರೈಲರ್ ಮೇಲೆ ಒಂದು ಬುಲ್ಡೋಜರ್ ಬಂದು ನಿಂತಿತು. ಅದು ನಮ್ಮದೇ ಬುಲ್ಡೋಜರ್. ಅದು ಅಲ್ಲಿ ನಿಂತಿದ್ದು ಹೆಚ್ಚೆಂದರೆ ಅರ್ಧ ಗಂಟೆ. ಆದರೆ ಆ ಅರ್ಧ ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನಮ್ಮ ಯಜಮಾನರು ನಾಗರಾಜ್ ಮೂವತ್ತು ವರ್ಷ ದೊಡ್ಡ ದೊಡ್ಡ ಮಣ್ಣು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡಿದವರು. ನಿವೃತ್ತಿಯಾದ ಮೇಲೆ ಎರಡು ವರ್ಷ ಅಕ್ಕಪಕ್ಕದವರ ಮಿಕ್ಸಿ, ಕುಕ್ಕರ್ ಸರಿಮಾಡಿಕೊಂಡು ಮನೆಯಲ್ಲಿದ್ದರು. ಮಾಗಡಿ ಹತ್ತಿರ ಅವರ ಪಾಲಿಗೆ ಬಂದ ಎರಡೂವರೆ ಎಕರೆ ಜಮೀನಿದೆ. ಪೂರ್ತಿ ಇಳಿಜಾರು, ಕಲ್ಲು, ಮುಳ್ಳಿನ ಪೊದೆ. ಮಳೆ ಬಂದರೆ ನೀರು ಒಂದು ಗಳಿಗೆ ನಿಲ್ಲದೆ ಕೆಳಗಿನ ಹಳ್ಳಕ್ಕೆ ಓಡುತ್ತದೆ. ಅದನ್ನು ಮೂರು ಹಂತವಾಗಿ ಮಟ್ಟ ಮಾಡಿ, ಬದು ಹಾಕಿ, ಮಾವು ಸಪೋಟ ಇಡಬೇಕು ಅಂತ ಅವರ ಆಸೆ.

"ನಾಲ್ಕು ದಿನ ಜೆಸಿಬಿ ಬಾಡಿಗೆಗೆ ಕರೆಸಿದ್ರೆ ಮುಗೀತಲ್ರೀ" ಅಂದೆ.

"ಬಾಡಿಗೆಯವರು ಗಡಿಯಾರ ನೋಡ್ಕೊಂಡು ಕೆಲ್ಸ ಮಾಡ್ತಾರೆ ಕಣೇ, ನೆಲ ನೋಡ್ಕೊಂಡಲ್ಲ" ಅಂದರು.

ಅಷ್ಟರಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು, ಆನೇಕಲ್ ಕಡೆ ಮುಚ್ಚಿಹೋದ ಒಂದು ಕಲ್ಲುಕ್ವಾರಿಯಲ್ಲಿ ಹಳೇ ಬುಲ್ಡೋಜರ್ ಗುಜರಿಗೆ ಹೋಗುವುದರಲ್ಲಿದೆ ಅಂತ ಹೇಳಿದರು. ನೋಡಲು ನಾನೂ ಜೊತೆಗೆ ಹೋಗಿದ್ದೆ. ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು. ಎಂಜಿನ್ ಮೇಲೆ ಕಾಡುಹಾಗಲದ ಬಳ್ಳಿ ಹಬ್ಬಿ ಎರಡು ಕಾಯಿ ಬಿಟ್ಟಿತ್ತು. ಚಕ್ರದ ಬದಲು ಇರುವ ಕಬ್ಬಿಣದ ಚೈನು ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು. ಇವರು ಅದರ ಸುತ್ತ ಮೂರು ಸುತ್ತು ಬಂದರು, ತಟ್ಟಿ ನೋಡಿದರು, ಬಗ್ಗಿ ನೋಡಿದರು. ನಿಜ ಹೇಳುತ್ತೇನೆ, ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಇವರು ಅಷ್ಟು ಆಸೆಯಿಂದ ನೋಡಿರಲಿಲ್ಲ.

ಅದನ್ನು ಗುಜರಿ ಬೆಲೆಗೆ ಕೊಂಡ ಮೇಲೆ ಐದು ತಿಂಗಳು ವಾರಕ್ಕೆ ನಾಲ್ಕು ದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಎಂಜಿನ್ ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಅದರೊಳಗೆ ಎಣ್ಣೆ ಸುರಿದು ಹದಿನೈದು ದಿನ ಹಾಗೇ ಬಿಟ್ಟು, ದಿನಾ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಸ್ವಲ್ಪ ಸ್ವಲ್ಪವೇ ಮೀಟಿ, ಕೊನೆಗೆ ಒಂದು ದಿನ ತಿರುಗಿತಂತೆ. ಆ ದಿನ ಮನೆಗೆ ಬರುವಾಗ ದಾರಿಯಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡು ಬಂದರು. ಡೀಸೆಲ್ ಪಂಪನ್ನು ಕಲಾಸಿಪಾಳ್ಯದಲ್ಲಿ ಬಿಚ್ಚಿಸಿ ಸರಿಮಾಡಿಸಿದರು. ಎಣ್ಣೆ ಸೋರದ ಹಾಗೆ ಎಂಜಿನ್ ಭಾಗಗಳ ಮಧ್ಯೆ ಇಡುವ ಕಾರ್ಕ್ ಹಾಳೆ ಎಲ್ಲೂ ಸಿಗದೆ, ಮಾಮೂಲ್‌ಪೇಟೆಯ ಗಲ್ಲಿಯ ಒಂದು ಸಣ್ಣ ಅಂಗಡಿಯಿಂದ ನಾನೇ ಹುಡುಕಿ ತಂದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕೈವಾರ ಹಿಡಿದು ಅದರ ಮೇಲೆ ಅಳತೆ ಗುರುತು ಹಾಕಿಕೊಟ್ಟೆ. ಇವರು ಬ್ಲೇಡಿನಲ್ಲಿ ಕೊಯ್ದರು.

ಇಷ್ಟೆಲ್ಲ ಮಾಡಿದರೂ ಬೀದಿಯಲ್ಲಿ ಒಬ್ಬರಿಗೂ ನಾನು ವಿಷಯ ಬಿಟ್ಟುಕೊಡಲಿಲ್ಲ. ನಾಚಿಕೆ. 'ಅರವತ್ತೆರಡರಲ್ಲಿ ಬುಲ್ಡೋಜರ್ ತಗೊಂಡಿದಾರಂತೆ' ಅಂತ ಜನ ಆಡಿಕೊಂಡು ನಗುತ್ತಾರೆ ಅಂತ. ಬೀದಿ ತುದಿಯಲ್ಲಿ ಫುಟ್‌ಪಾತಿನ ಮೇಲೆ ಮುನಿರತ್ನಮ್ಮ ಅನ್ನುವವರು ತರಕಾರಿ ಇಟ್ಟುಕೊಂಡಿದ್ದಾರೆ. ನನ್ನ ಓರಗೆಯವರೇ. ಇಪ್ಪತ್ತು ವರ್ಷದಿಂದ ನಾನು ಅವರ ಹತ್ತಿರವೇ ಕೊಳ್ಳುವುದು. ಅವರೊಮ್ಮೆ ಕೇಳಿದರು.

"ಯಾಕಕ್ಕಾ, ಸಾರ್ ಷರ್ಟಲ್ಲೆಲ್ಲ ಗ್ರೀಸು?"

"ಯಾರ್ದೋ ಕಾರು ರಿಪೇರಿ ಮಾಡ್ತಿದಾರೆ ರತ್ನಮ್ಮ" ಅಂದುಬಿಟ್ಟೆ.

ಅಂತೂ ಬುಲ್ಡೋಜರ್ ಸಿದ್ಧವಾಯಿತು. ಟ್ರೈಲರ್ ಊರಾಚೆಯ ರಸ್ತೆಯಲ್ಲೇ ಸುತ್ತಿಕೊಂಡು ಮಾಗಡಿಗೆ ಹೋಗಬಹುದಿತ್ತು. ಆದರೆ ನಮ್ಮತ್ತೆಗೆ ಎಂಬತ್ತಾರು ವರ್ಷ, ಪ್ರಯಾಣ ಆಗುವುದಿಲ್ಲ. "ಅಮ್ಮ ಒಂದ್ಸಲ ನೋಡ್ಲಿ, ಆಮೇಲೆ ನಾನೂ ಅದ್ರಲ್ಲೇ ಹತ್ಕೊಂಡು ಹೋಗ್ತೀನಿ" ಅಂತ ಇವರು ಡ್ರೈವರಿಗೆ ಮನೆ ದಾರಿ ಹೇಳಿದರು. ಹಗಲು ಹೊತ್ತು ಊರೊಳಗೆ ದೊಡ್ಡ ಲಾರಿ ಬಿಡುವುದಿಲ್ಲವಾದ್ದರಿಂದ ಬೆಳಕು ಹರಿಯುವ ಹೊತ್ತಿಗೇ ಬರಬೇಕೆಂದು ಮಾತಾಗಿತ್ತು.

ಆ ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ದರು. ನಾನು ಡಿಕಾಕ್ಷನ್ ಇಳಿಸುತ್ತಿದ್ದೆ. ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಕೂಗಿದರು. "ಅದೇನೋ ಗಲಾಟೆ ಆಗ್ತಿದೆ, ನೋಡು ಹೋಗೇ."

ಬೀದಿ ತುದಿಗೆ ಹೋಗಿ ನೋಡಿದರೆ ಅಲ್ಲೊಂದು ಓಡಾಟ. ತರಕಾರಿಯವರು, ಹೂವಿನವರು, ಎಳನೀರಿನವರು ಎಲ್ಲರೂ ತಮ್ಮ ತಮ್ಮ ಅಂಗಡಿಗಳನ್ನು ತಾವೇ ಕೀಳುತ್ತಿದ್ದರು. ಎರಡು ವಾರದಿಂದ ಆ ಫುಟ್‌ಪಾತ್ ತೆರವು ಮಾಡಿಸುತ್ತಾರೆ ಅನ್ನುವ ಸುದ್ದಿ ಇತ್ತು. ಖಾಕಿ ಷರ್ಟಿನ ಇಬ್ಬರು ಟೇಪು ಹಿಡಿದು ರಸ್ತೆ ಅಳೆಯುತ್ತಿದ್ದರು. ಎಳನೀರು ಮಾರುವ ಬಸವರಾಜು ಅವರ ಹಿಂದೆಯೇ ಕೈಮುಗಿದುಕೊಂಡು ಓಡಾಡುತ್ತಿದ್ದರು. "ಸಾರ್, ಅರ್ಧ ಗಂಟೆ ಟೈಮ್ ಕೊಡಿ ಸಾರ್. ನಾವೇ ತೆಗೀತೀವಿ. ಬುಲ್ಡೋಜರ್ ಕೆಳಗಿಳಿಸ್ಬೇಡಿ." ಖಾಕಿಯವರಲ್ಲಿ ಒಬ್ಬ, ಕನ್ನಡ ಅಷ್ಟಾಗಿ ಬಾರದವನು, "ಸರಿ ಸರಿ" ಅಂತ ತಲೆಯಾಡಿಸಿ ಮತ್ತೆ ಟೇಪು ಎಳೆಯುತ್ತಿದ್ದ.

ನನ್ನ ಪೆದ್ದುತನ ನೋಡಿ. 'ಅಯ್ಯೋ, ಇವತ್ತೇ ತೆರವು ಮಾಡೋಕೆ ಬಂದ್ರಲ್ಲ, ಈ ಗಲಾಟೇಲಿ ನಮ್ಮ ಟ್ರೈಲರ್ ಹೇಗೆ ಬರತ್ತೆ?' ಅಂತ ನಾನೂ ಅಂದುಕೊಂಡೆ. ತಲೆಯೆತ್ತಿ ನೋಡಿದೆ. ಟ್ರೈಲರ್ ಮೇಲೆ ನಿಂತಿದ್ದ ಬುಲ್ಡೋಜರಿನ ಮುಂದೆ ಮಣ್ಣು ತಳ್ಳುವ ಅಗಲ ಬ್ಲೇಡಿಗೆ ಹೊಸ ಹಳದಿ ಬಣ್ಣ ಬಳಿದಿತ್ತು. ಒಂದು ಮೂಲೆಯಲ್ಲಿ ಬಣ್ಣ ಸಾಲದೆ ಬೇರೆ ಹಳದಿ. ಆ ಎರಡನೇ ಡಬ್ಬಿ ತಂದುಕೊಟ್ಟವಳು ನಾನೇ.

ಖಾಕಿಯವರು ನಮ್ಮ ಡ್ರೈವರ್ ಮತ್ತು ಅವನ ಜೊತೆಗಾರ. ಆ ತಿರುವಿನಲ್ಲಿ ಟ್ರೈಲರ್ ತಿರುಗುತ್ತದೋ ಇಲ್ಲವೋ ಅಂತ ಅಳೆಯುತ್ತಿದ್ದರು. ಜನ ತಮಗೇ ಜಾಗ ಬಿಡಿಸಿಕೊಡುತ್ತಿದ್ದಾರೆ ಅಂತ ಅವರ ಲೆಕ್ಕ.

ನಲವತ್ತು ಮಕ್ಕಳ ತರಗತಿಯಲ್ಲಿ ಕೊನೇ ಬೆಂಚಿಗೆ ಕೇಳುವ ಹಾಗೆ ಪಾಠ ಮಾಡಿದವಳು ನಾನು. ಆದರೂ ಬಾಯಿ ತೆರೆಯುವಷ್ಟರಲ್ಲಿ ತಡವಾಗಿತ್ತು. ಎದುರಿಗೆ ರತ್ನಮ್ಮ ಒಂದು ಹಗ್ಗ ಎಳೆದರು. ಟಾರ್ಪಾಲು ಸರಕ್ಕನೆ ಜಾರಿತು. ಇನ್ನೊಂದು ಕಡೆ ಎಳೆಯುವಾಗ ಬಿದಿರಿನ ಗಳು ಸೀಳಿ, ಅದಕ್ಕೆ ಒರಗಿಸಿ ಜೋಡಿಸಿದ್ದ ಟೊಮೆಟೊ ಕ್ರೇಟು ಉರುಳಿತು. ಹಣ್ಣು ರಸ್ತೆ ತುಂಬ ಹರಡಿತು. ಎರಡು ಸ್ಕೂಟರು ಅದರ ಮೇಲೆಯೇ ಹೋದವು.

"ನಿಲ್ಸಿ! ನಿಲ್ಸಿ ರತ್ನಮ್ಮ! ಯಾರೂ ಏನೂ ಕೀಳ್ಬೇಡಿ!" ಅಂತ ಕಿರುಚಿದೆ. "ಇದು ನಮ್ದು. ನಮ್ಮನೇದು. ಮಾಗಡಿ ಹತ್ರ ನಮ್ಮ ಜಮೀನಿಗೆ ಹೋಗ್ತಿದೆ."

ಎಲ್ಲರೂ ನಿಂತಲ್ಲೇ ನಿಂತರು. ಯಾರೂ ನಗಲಿಲ್ಲ. ಐದು ತಿಂಗಳು ನಾನು ಹೆದರಿದ್ದು ಅವರ ನಗುವಿಗೆ. ಆ ಹೊತ್ತಿಗೆ ಯಾರಾದರೂ ನಕ್ಕಿದ್ದರೆ ಸಾಕಿತ್ತು ಅನ್ನಿಸಿತು.

"ನಿಮ್ದಾ ಮೇಡಮ್?" ಅಂದರು ಬಸವರಾಜು. ಮುಖ ಬೆವತಿತ್ತು. "ಒಂದು ಮಾತು ಹೇಳ್ಬಾರ್ದಿತ್ತಾ? ದಿನಾ ಇಲ್ಲೇ ಓಡಾಡ್ತೀರಲ್ಲ. ಎದೆ ಒಡ್ದೋಯ್ತು ನಮ್ಗೆ."

ರತ್ನಮ್ಮ ಬೋರಲು ಬಿದ್ದ ಕ್ರೇಟಿನ ಮೇಲೆ ಕೂತರು. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡರು.

ಅಷ್ಟರಲ್ಲಿ ಇವರು ಹಣೆಗೆ ವಿಭೂತಿ ಇಟ್ಟು, ಕೈಯಲ್ಲಿ ಪೂಜೆಯ ತೆಂಗಿನಕಾಯಿ ಹಿಡಿದು ಸಂಭ್ರಮದಿಂದ ಬಂದರು. ನಾನು ಮೆಲ್ಲಗೆ ಆದದ್ದೆಲ್ಲ ಹೇಳಿದೆ. ಬುಲ್ಡೋಜರನ್ನೊಮ್ಮೆ, ಬೀದಿಯನ್ನೊಮ್ಮೆ ನೋಡಿದರು. ಅವತ್ತು ಒಂಬತ್ತಕ್ಕೆ ಜಮೀನಿನಲ್ಲಿ ಪೂಜೆ ಮಾಡಿ ಮೊದಲ ಮಣ್ಣು ತಳ್ಳುವುದು ಅಂತ ದಿನ ಎಣಿಸಿಕೊಂಡು ಕಾದಿದ್ದ ಮನುಷ್ಯ. ಡ್ರೈವರಿನ ಹತ್ತಿರ ಹೋಗಿ, "ನೀವು ಹೊರಡಿ. ಮಾಗಡಿ ರಸ್ತೇಲಿ ಊರು ದಾಟಿದ್ಮೇಲೆ ಎಲ್ಲಾದ್ರೂ ನಿಲ್ಸ್ಕೊಳಿ. ನಾನು ಬಸ್ಸಲ್ಲಿ ಬರ್ತೀನಿ" ಅಂದರು. ಟ್ರೈಲರ್ ನಮ್ಮ ಬೀದಿಗೆ ತಿರುಗಲೇ ಇಲ್ಲ. ಅತ್ತೆ ಗೇಟಿನಿಂದ ನೋಡಿದ್ದು ಅದು ಬೀದಿ ತುದಿಯಲ್ಲಿ ಹಾದುಹೋದ ಕೆಲವು ಕ್ಷಣ ಮಾತ್ರ.

ಮನೆಯಲ್ಲಿ ನಾಲ್ಕು ಕಬ್ಬಿಣದ ಪೈಪು, ಒಂದು ತಗಡು ಇತ್ತು. ಬುಲ್ಡೋಜರ್ ಓಡಿಸುವಾಗ ತಲೆಗೆ ನೆರಳಿರಲಿ ಅಂತ ಚಪ್ಪರಕ್ಕೆ ತಂದಿದ್ದು. ಇವರು ಅವನ್ನು ಹೊತ್ತು ತಂದು, ರತ್ನಮ್ಮನ ಸೀಳಿದ ಗಳುಗಳನ್ನು ತೆಗೆದು, ಆ ಪೈಪುಗಳನ್ನು ನಿಲ್ಲಿಸತೊಡಗಿದರು. ನಾನು ರಸ್ತೆಯಲ್ಲಿ ಕೂತು ಟೊಮೆಟೊ ಆರಿಸಿದೆ. ಜಜ್ಜಿಹೋದದ್ದನ್ನೆಲ್ಲ ಮನೆಗೆ ತಂದು, ಆಮೇಲೆ ವಾರವಿಡೀ ಗೊಜ್ಜು ಮಾಡಿದೆ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ನನಗೆ ಆಗ ಯಾವ ನಾಚಿಕೆಯೂ ಆಗಲಿಲ್ಲ.

ಟಾರ್ಪಾಲನ್ನು ಇವರು ತಮ್ಮ ಅಭ್ಯಾಸದಂತೆ ಕಟ್ಟುಕಂಬಿ ಸುತ್ತಿ, ಇಕ್ಕಳದಿಂದ ತಿರುಚಿ ಬಿಗಿಮಾಡುತ್ತಿದ್ದರು. ಕ್ರೇಟಿನ ಮೇಲೆ ಕೂತಿದ್ದ ರತ್ನಮ್ಮ ಎದ್ದು ಬಂದರು.

"ಸಾರ್, ಹಂಗೆ ಕಟ್ಬೇಡಿ."

"ಯಾಕಮ್ಮ? ಗಾಳಿ ಬಂದ್ರೂ ಅಲುಗಾಡಲ್ಲ ಇದು."

"ಗಾಳಿಗಲ್ಲ ಸಾರ್. ಒಂದೇ ಸಲ ಎಳೆದ್ರೆ ಬಿಚ್ಕೊಬೇಕು. ನಾವು ಕಟ್ಟೋವಾಗ್ಲೇ ಬಿಚ್ಚೋದಕ್ಕೂ ಸೇರ್ಸಿ ಕಟ್ಟೋದು."

ಹಾಗೆಂದು ಕೆಳಗೆ ಬಿದ್ದಿದ್ದ ಹಗ್ಗ ತೆಗೆದುಕೊಂಡು ತಾವೇ ಕಟ್ಟಿ ತೋರಿಸಿದರು. ಒಂದು ಸುತ್ತು, ಒಂದು ಕುಣಿಕೆ, ಅಷ್ಟೇ. ಇಪ್ಪತ್ತು ವರ್ಷ ಆ ಟಾರ್ಪಾಲಿನ ಕೆಳಗೆ ನಿಂತು ಸೊಪ್ಪು ಆರಿಸಿದ್ದೇನೆ, ಚೌಕಾಸಿ ಮಾಡಿದ್ದೇನೆ. ಆ ಗಂಟು ಹೇಗಿದೆ ಅಂತ ನೋಡಿದ್ದು ಅವತ್ತೇ. ಇವರು ತಾವು ಸುತ್ತಿದ್ದ ಕಂಬಿಯನ್ನೆಲ್ಲ ಬಿಚ್ಚಿ, ಅವರು ಹೇಳಿಕೊಟ್ಟ ಹಾಗೆ ಎಂಟು ಕಡೆ ಕಟ್ಟಿದರು.

ಎಲ್ಲ ಮುಗಿದಾಗ ಹನ್ನೊಂದು ದಾಟಿತ್ತು. ನಾನು ಫ್ಲಾಸ್ಕಿನಲ್ಲಿ ಕಾಫಿ ತಂದು ಎಲ್ಲರಿಗೂ ಕೊಟ್ಟೆ. ಬಸವರಾಜು ಲೋಟ ತಗೊಂಡು, "ಸಾರ್, ನಿಜವಾಗ್ಲೂ ಅದು ಓಡತ್ತಾ?" ಅಂದರು. ಆಗ ಮೊದಲ ಸಲ ಎಲ್ಲರೂ ನಕ್ಕರು. ರತ್ನಮ್ಮನೂ.

ಬುಲ್ಡೋಜರ್ ಸಾಯಂಕಾಲ ಜಮೀನಿನಲ್ಲಿ ಇಳಿಯಿತು. ನಡುವೆ ಎರಡು ಸಲ ಕೆಟ್ಟು ನಿಂತರೂ ಶಿವರಾತ್ರಿಯ ಹೊತ್ತಿಗೆ ಮೂರು ಹಂತವೂ ಆಯಿತು, ಬದುವೂ ಬಿತ್ತು. ಅದಕ್ಕೆ ಇವತ್ತಿಗೂ ಚಪ್ಪರವಿಲ್ಲ. ಇವರು ತಲೆಗೆ ಒದ್ದೆ ಟವಲು ಸುತ್ತಿಕೊಂಡೇ ಓಡಿಸುತ್ತಾರೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ರತ್ನಮ್ಮ, "ಅಕ್ಕಾ, ಅದನ್ನ ನಾನೊಂದ್ಸಲ ಹತ್ರದಿಂದ ನೋಡ್ಬೇಕು" ಅಂದರು. ಮೂವರೂ ಬಸ್ಸಿನಲ್ಲಿ ಹೋದೆವು. ಅವರು ಅದರ ಸುತ್ತ ನಡೆದರು. ಬ್ಲೇಡಿನ ಮುಂದೆ ನಿಂತಾಗ ಅದು ಅವರ ಎದೆಯ ಎತ್ತರಕ್ಕೆ ಬಂತು. ಕೈಯಿಂದ ಅದರ ಅಂಚು ಸವರಿ ನೋಡಿದರು. ಆಮೇಲೆ "ಮೇಲೆ ಹತ್ತಲಾ?" ಅಂದರು. ಇವರು ಕೈಹಿಡಿದು ಹತ್ತಿಸಿ ಸೀಟಿನಲ್ಲಿ ಕೂರಿಸಿದರು. ಎಂಜಿನ್ ಚಾಲೂ ಮಾಡಿರಲಿಲ್ಲ. ರತ್ನಮ್ಮ ಎರಡು ಲಿವರ್ ಹಿಡಿದು ಬಹಳ ಹೊತ್ತು ಮುಂದಕ್ಕೆ ನೋಡಿದರು. ನಾನು ಬ್ಲೇಡಿನ ಮುಂದೆ, ಬದುವಿನ ಮೇಲೆ ಹೊಸದಾಗಿ ಇಟ್ಟ ಸಪೋಟ ಸಸಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೀಳುತ್ತಿದ್ದೆ.

"ಸಾರ್, ಅಕ್ಕ ಎಲ್ಲಿ?" ಅಂದರು.

"ಇಲ್ಲೇ ಇದೀನಲ್ಲ ರತ್ನಮ್ಮ, ನಿಮ್ಮ ಎದುರಿಗೇ" ಅಂದೆ.

"ಕಾಣಿಸ್ತಾನೇ ಇಲ್ಲ! ದೂರದ್ದೆಲ್ಲ ಕಾಣ್ಸತ್ತೆ, ಎದುರಿಗಿರೋದೇ ಕಾಣ್ಸಲ್ವಲ್ಲ ಸಾರ್ ಇಲ್ಲಿ ಕೂತೋರ್ಗೆ."

"ಹೂಂನಮ್ಮ, ಬ್ಲೇಡು ಅಡ್ಡ ಬರತ್ತೆ. ಅದಕ್ಕೇ ಯಾರಾದ್ರೂ ಒಬ್ರು ಕೆಳಗೆ ನಿಂತು ಹೇಳ್ತಿರ್ಬೇಕು" ಅಂದರು ಇವರು.

ಇವರು ಹೇಳಿದ್ದು ಯಂತ್ರದ ವಿಷಯ. ನನಗೆ ಮಾತ್ರ ಆ ಬುಧವಾರದ ಬೀದಿ ಕಣ್ಣಿಗೆ ಕಟ್ಟಿತು. ಅವತ್ತು ಕೆಳಗೆ ನಿಂತು ಹೇಳಬೇಕಾಗಿದ್ದವಳು ನಾನು. ಆ ಐದು ತಿಂಗಳಲ್ಲಿ ಒಂದೇ ಒಂದು ಮಾತು ಸಾಕಿತ್ತು. ಹೇಳಲಿಲ್ಲ.