ಇನ್ನೂರ ನಲವತ್ತಮೂರು

ಗಡಿಯಾಚೆ ಮರಾಠಿ ನಾಡಿನಲ್ಲಿರುವ ಉದಗೀರದ ಒಂದು ಕಾಲೇಜಿನ ಆಫೀಸಿನಲ್ಲಿ ಪರೀಕ್ಷೆಯ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಪತ್ರಿಕೆಗಳ ನಂಬರುಗಳೆಲ್ಲ ನನಗೆ ಬಾಯಿಪಾಠ. ಮೊದಲ ಅಂಕಿ ವರ್ಷ, ನಡುವಿನದು ಭಾಷೆ, ಕೊನೆಯದು ಆ ಭಾಷೆಯ ಎಷ್ಟನೆಯ ಪತ್ರಿಕೆ ಎಂಬುದು. ಮೂರು ಹಿಂದಿ, ನಾಲ್ಕು ಕನ್ನಡ, ಐದು ಉರ್ದು. 243 ಎಂದರೆ ಎರಡನೆಯ ವರ್ಷದ ಕನ್ನಡ, ಮೂರನೆಯ ಪತ್ರಿಕೆ. ಇಷ್ಟು ಸರಳವಾದದ್ದನ್ನು ಹೇಳಲು ತಡವರಿಸುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಫಾರ್ಮು ತಿರುವಿ ನೋಡುವ ತಾಳ್ಮೆಯೂ ಇರಲಿಲ್ಲ. ನೀವೇ ಓದಿ ಹೇಳಿ ಎನ್ನುತ್ತಿದ್ದೆ. ಅವರ ಬಾಯಿ ಮುಚ್ಚುವುದರೊಳಗೆ ನನ್ನ ಬೆರಳು ಒತ್ತಿ ಮುಗಿಸಿರುತ್ತಿತ್ತು.

ಕೆಲವು ವರ್ಷಗಳ ಹಿಂದೆ, ವಲಾಂಡಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಹುಡುಗಿ ಕಿಟಕಿಗೆ ಬಂದಳು. ಇಡೀ ಕಾಲೇಜಿನಲ್ಲಿ ಆಗ ಕನ್ನಡ ತೆಗೆದುಕೊಂಡವಳು ಅವಳೊಬ್ಬಳೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡದ ಅಕ್ಷರ ಕಲಿತದ್ದು ಕಾಲೇಜಿಗೆ ಬಂದ ಮೇಲೆ. ಕಲಬುರಗಿಗೆ ಹೋಗಿ ಕನ್ನಡ ಎಂ.ಎ. ಮಾಡುವ ಆಸೆ ಅವಳಿಗಿದೆ ಎಂದು ಅವಳಿಗೆ ಕಲಿಸುವ ಮಾಸ್ತರರು ಹೇಳಿದ್ದರು. ನನ್ನ ಮನೆಮಾತೂ ಕನ್ನಡವೇ. ಆದರೆ ಕಿಟಕಿಯ ಮಾತು ಮರಾಠಿ. ಅವಳು "ದೋನಶೇ ತ್ರೇಚಾಳೀಸ" ಎಂದಳು.

ಎಂದರೆ ಇನ್ನೂರ ನಲವತ್ತಮೂರು. ಮರಾಠಿಯ ನಲವತ್ತಮೂರರಲ್ಲಿ ತ್ರೇ ಎಂಬ ಮೂರು ಮೊದಲು, ಚಾಳೀಸ ಎಂಬ ನಲವತ್ತು ಆಮೇಲೆ. ದಿನವೂ ಅದನ್ನು ತಿರುಗಿಸಿಕೊಳ್ಳುತ್ತಿದ್ದ ನನ್ನ ಕನ್ನಡದ ಕೈ ಅಂದು ಅವಸರದಲ್ಲಿ ಕಿವಿಗೆ ಬಿದ್ದಂತೆಯೇ ಎರಡು, ಮೂರು, ನಾಲ್ಕು ಎಂದು ಒತ್ತಿತು. 234 ಕೂಡ ಇರುವ ನಂಬರೇ, ಹಿಂದಿಯ ನಾಲ್ಕನೆಯ ಪತ್ರಿಕೆ. ಆದ್ದರಿಂದ ಕಂಪ್ಯೂಟರು ತಕರಾರು ತೆಗೆಯಲಿಲ್ಲ.

ಹಾಲ್ ಟಿಕೆಟಿನಲ್ಲಿ ಹಿಂದಿ ಎಂದಿರುವುದನ್ನು ನೋಡಿ ಅವಳು ಮತ್ತೆ ಬಂದಳು. ತಿದ್ದುವ ಗಡುವು ಮುಗಿದಿತ್ತು. ಆದರೂ ತಪ್ಪು ಆಫೀಸಿನದು ಎಂದು ನಾನೊಂದು ಪತ್ರ ಬರೆದಿದ್ದರೆ ವಿದ್ಯಾಪೀಠದವರು ತಿದ್ದಿಕೊಡುತ್ತಿದ್ದರು. ತಪ್ಪೇ ಮಾಡದ ಕೈ ಎಂದು ಹೆಸರಾದವನಿಗೆ ಆ ಪತ್ರ ಬರೆಯಲು ಮನಸ್ಸಾಗಲಿಲ್ಲ. ಗಡುವು ಮುಗಿದಿದೆ ಎಂದಷ್ಟೇ ಹೇಳಿದೆ. ಆಗ ಅವಳು ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ನಾನೇ ಉಲ್ಟಾ ಹೇಳಿರಬೇಕ್ರಿ ಸರ್. ನೀವರ ಏನ್ ಮಾಡ್ತೀರಿ?"

ಹಾಗೇ ಇರಬೇಕು ಎಂದೆ. ಅವಳು ಹೇಗೋ ಹಿಂದಿ ಬರೆದು ಪಾಸಾದಳು. ಕನ್ನಡದ ಪತ್ರಿಕೆ ತಪ್ಪಿದ್ದರಿಂದ ಕಲಬುರಗಿಯ ಮಾತು ಅಲ್ಲಿಗೇ ನಿಂತಿತು. ಪಟ್ಟಿಯಲ್ಲಿ ನಮ್ಮ ಕನ್ನಡಕ್ಕೆ ಒಬ್ಬರೂ ಇಲ್ಲವೆಂದಾಗಿ, ಮರುವರ್ಷ ವಿಷಯವನ್ನೇ ತೆಗೆದರು. ಮಾಸ್ತರರು ಉಮರ್ಗಾದ ಕಡೆ ಬೇರೆ ಕೆಲಸ ನೋಡಿಕೊಂಡರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ನನಗಂತೂ ಚಿಂತೆ ಬಿಟ್ಟಿಲ್ಲ. ನಿಂದು ಯಾವ ಪೇಪರವ್ವಾ ಎಂದು ನಾನು ಕನ್ನಡದಲ್ಲಿ ಕೇಳಿದ್ದರೆ ಅವಳು ನಲವತ್ತಮೂರು ಎನ್ನುತ್ತಿದ್ದಳು, ನನ್ನ ಕೈಯೂ ಸರಿಯಾಗಿಯೇ ಒತ್ತುತ್ತಿತ್ತು.

ಬಿಟ್ಟುಹೋದ ನಂಬರನ್ನು ಬೇರೆ ವಿಷಯಕ್ಕೆ ಕೊಡುವ ಪದ್ಧತಿ ಇಲ್ಲ. ಈ ವರ್ಷದ ಪಟ್ಟಿಯಲ್ಲೂ ಭಾಷೆಗಳ ಸಾಲಿನಲ್ಲಿ ಮೂರಾದ ಮೇಲೆ ಐದೇ ಇದೆ. ನಿಲಂಗಾದಿಂದ ವರ್ಗವಾಗಿ ಬಂದ ಹೊಸ ಕ್ಲರ್ಕ್ ಮೇಡಂ ಅದನ್ನು ನೋಡಿ, ನಾಲ್ಕು ಯಾವ ಭಾಷೆಯದಾಗಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದೆ, ಅದನ್ನೂ ಮರಾಠಿಯಲ್ಲಿ.