ಅರಿಷಿಣ ಸೋಕಿದ ಸಾಲು

ಮೊನ್ನೆ ಪ್ರಯೋಗಾಲಯದಲ್ಲಿ ಸೇವಂತಿಯ ಎಲೆಯೊಂದನ್ನು ಕತ್ತರಿಸಿದೆ. ಆ ಕಹಿ ಘಾಟು ಮೂಗಿಗೆ ಬಡಿದದ್ದೇ ಕೈ ನಿಂತಿತು. ಎಂಬತ್ತರ ದಶಕದ ಕೊನೆ, ರಾಣೆಬೆನ್ನೂರಿನ ಅಂಚಿನಲ್ಲಿದ್ದ ನಮ್ಮ ಹೂವಿನ ಹೊಲ... ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಎಲೆ ಮಗುಚಿ ನೋಡುತ್ತಿದ್ದ ಅಕ್ಕೋರು.

ಅವರು ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ನಮ್ಮ ಹಳೆಯ ಹಳದಿ ಸೇವಂತಿಗೆ ಎಲೆಚುಕ್ಕೆ ರೋಗ ಅಷ್ಟಾಗಿ ಬರುತ್ತಿರಲಿಲ್ಲ. ಶಿಲೀಂಧ್ರ ತಾಗಿದ ಕೂಡಲೇ ಎಲೆಯೇ ತನ್ನೊಳಗೆ ವಿಷ ತಯಾರಿಸಿ ಅದನ್ನು ತಡೆಯುತ್ತದೆ ಎಂಬುದು ಅವರ ಊಹೆ. ಅದನ್ನು ತೋರಿಸಲು ಉಳಿದಿದ್ದದ್ದು ಒಂದೇ ಹಂಗಾಮು. ದೀಪಾವಳಿಯೊಳಗೆ ಸಂಶೋಧನೆ, ಕೆಲಸ ಎಲ್ಲ ಬಿಟ್ಟು ಬರಬೇಕೆಂದು ಅವರಿಗೆ ಬ್ಯಾಡಗಿಯ ಗಂಡನ ಮನೆಯಿಂದ ಹೇಳಿ ಕಳಿಸಿದ್ದರು.

ಅಪ್ಪನನ್ನು ಕೇಳಿ ಔಷಧಿ ಹೊಡೆಯದ ಒಂದು ಸಾಲು ಪಡೆದು, ರೋಗದ ಬೀಜಕಗಳಿದ್ದ ನೀರನ್ನು ಎಲೆಗಳ ಮೇಲೆ ತಾವೇ ಹನಿಸಿದರು.

"ಏನ್ರಿ ಅಕ್ಕೋರ, ರೋಗ ಬಿಡಸೂದು ಬಿಟ್ಟು ನೀವ ಹಚ್ಚಾಕತ್ತೀರಲ್ಲ?" ಎಂದು ನಮ್ಮಜ್ಜಿ ಛೇಡಿಸಿದಳು.

"ಹಚ್ಚಿದ್ರನ ಅದು ಹೆಂಗ ಹೊಡದಾಡತೈತಿ ಅಂತ ತಿಳಿಯೂದ್ರಿ, ಅಜ್ಜಿ."

ಚುಕ್ಕೆಗಳು ಎದ್ದವು, ಕಪ್ಪಾದವು, ದಿನದಿನವೂ ಅಗಲವಾದವು. ತಡೆಯ ಗುರುತಾಗಿ ಸುತ್ತ ಕಂದು ಉಂಗುರ ಕಾಣಬೇಕಿತ್ತು. ಕಾಣಲಿಲ್ಲ.

ಸೀಗೆ ಹುಣ್ಣಿಮೆ ಬಂತು. ಆ ದಿನ ಭೂಮಿಯನ್ನು ಬಸುರಿಯೆಂದು ಪೂಜಿಸಿ, ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚರಗವೆಂದು ಚೆಲ್ಲುವುದು ನಮ್ಮ ಕಡೆಯ ವಾಡಿಕೆ. ಮಧ್ಯಾಹ್ನ ಅಕ್ಕೋರು ಹೊಲಕ್ಕೆ ಬಂದಾಗ, ಆ ಸಾಲಿನ ಪ್ರತಿ ಎಲೆಯ ಮೇಲೂ ಹಳದಿ ಹನಿ ಒಣಗುತ್ತಿತ್ತು.

"ಭೂಮ್ತಾಯಿ ಬಸುರಿ. ಆಕಿ ಮಡಿಲಾಗ ಬ್ಯಾನಿ ಬಿದ್ದ ಗಿಡ ಹೆಂಗ ಬಿಡ್ಲಿ? ಅರಿಷಿಣದ ನೀರು ಚಿಮುಕಿಸೇನ್ರಿ," ಎಂದು ಅಜ್ಜಿ ಅವರ ಕೈಗೆ ಕಡುಬು ಇಟ್ಟಳು. ಅಕ್ಕೋರು ನಿಂತೇ ತಿಂದರು. "ಭಾಳ ಚಲೋ ಆಗೇತ್ರಿ" ಎಂದರು.

ಕೆಲವು ದಿನಗಳಲ್ಲಿ ಚುಕ್ಕೆಗಳು ನಿಂತವು. ಸುತ್ತ ತೆಳ್ಳಗಿನ ಕಂದು ಉಂಗುರ. ನಾನು ಮೆಲ್ಲಗೆ, "ನಿಮ್ಮ ಪ್ರಬಂಧದಾಗ ಅರಿಷಿಣದ ಮಾತು ಬರೀಬ್ಯಾಡ್ರಿ, ಅಕ್ಕೋರ" ಎಂದೆ.

ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅರಿಷಿಣದ ಮಾತು ಬಿಟ್ಟು ಬರೆದುಬಿಡುತ್ತಾರೆ ಎಂದುಕೊಂಡೆ...

"ಎಲಿ ತಡದೈತೋ, ಅರಿಷಿಣ ತಡದೈತೋ? ನೀನ ಹೇಳು."

ಅರಿಷಿಣಕ್ಕೂ ಶಿಲೀಂಧ್ರ ತಡೆಯುವ ಗುಣವಿದೆಯೆಂದು ತರಗತಿಯಲ್ಲಿ ಹೇಳಿಕೊಟ್ಟವರು ಅವರೇ. ಸಾಲಿನ ಎಲೆಗಳನ್ನೆಲ್ಲ ಬಿಡಿಸಿ ಅವರು ತಿಪ್ಪೆಗುಂಡಿಗೆ ಹಾಕಿದರು. ಅಜ್ಜಿಗೆ ಕಾರಣ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ದೀಪಾವಳಿಗೆ ಮುಂಚೆ ಟ್ರಂಕಿನೊಡನೆ ಬ್ಯಾಡಗಿ ಬಸ್ಸು ಹತ್ತಿದರು. ಮತ್ತೆ ಕಾಲೇಜಿಗೆ ಬರಲಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ನಮ್ಮ ಹೊಲದಿಂದಲೇ ತಂದ ಅದೇ ತಳಿಯ ಎಲೆ. ಇದಕ್ಕೆ ರೋಗ ಹಚ್ಚಿದವಳು ನಾನು. ಅರಿಷಿಣ ಸೋಕಿಲ್ಲ. ಕಪ್ಪು ಚುಕ್ಕೆಯ ಸುತ್ತ ಕಂದು ಉಂಗುರ ಪೂರ್ತಿ ಕೂಡಿದೆ, ಅದರಾಚೆ ಹಸಿರು. ಬ್ಯಾಡಗಿಗೆ ಹೋಗಿ ತೋರಿಸಬಹುದಿತ್ತು... ಅಕ್ಕೋರು ತೀರಿಹೋದ ಸುದ್ದಿ ಬಂದು ಎರಡು ಮಳೆಗಾಲ ಕಳೆದವು.